ಮೂರನೆಯ ಕಾಲಂ: ‘ಯಾಕೆ?’

ಪೀಣ್ಯದ ಒಂದು ಸಣ್ಣ ಮಷೀನ್ ಶಾಪ್‌ನಲ್ಲಿ ನಾನು ಪ್ರೊಡಕ್ಷನ್ ಸೂಪರ್‌ವೈಸರ್. ಹನ್ನೊಂದು ಯಂತ್ರ, ಎರಡು ಪಾಳಿ. ನಮ್ಮ ಹಿರಿಯ ಟರ್ನರ್ (ಲೇತ್ ಯಂತ್ರದ ಕೆಲಸಗಾರ) ಅವರನ್ನು ಎಲ್ಲರೂ ‘ಅಣ್ಣ’ ಎಂದೇ ಕರೆಯುತ್ತೇವೆ. ಮಗಳ ಮದುವೆಗೆಂದು ಅವರು ಹತ್ತು ದಿನ ರಜೆ ಹಾಕಿದಾಗಲೇ ನಮಗೆ ಪೆಟ್ಟು ಬಿದ್ದಿದ್ದು.

ಆ ವಾರ ಉಕ್ಕಿನ ಬುಷ್‌ಗಳ, ಅಂದರೆ ತೆಳು ಗೋಡೆಯ ಗುಂಡನೆಯ ಕೊಳವೆ ತುಂಡುಗಳ, ಆರ್ಡರ್ ಇತ್ತು. ಬೋರ್, ಅಂದರೆ ಒಳಗಿನ ತೂತು, 72 ಮಿ.ಮೀ.; ಗೋಡೆಯ ದಪ್ಪ 4 ಮಿ.ಮೀ.; ಬೋರ್‌ನ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸ, 30 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಭಾಗ). ನಮ್ಮ ಬೋರ್ ಗೇಜ್‌ನಲ್ಲಿ ಹೇಗೆ ತಿರುಗಿಸಿ ನೋಡಿದರೂ ಅಳತೆ ಸರಿಯಾಗಿತ್ತು. ಆದರೆ ಗಿರಾಕಿಯ ಪ್ಲಗ್ ಗೇಜ್ (ತೂತಿನೊಳಗೆ ಇಳಿಸಿ ನೋಡುವ ನಿಖರ ಅಳತೆಯ ಸಿಲಿಂಡರ್) ಒಳಗೆ ಇಳಿಯಲೇ ಇಲ್ಲ. ಇನ್ನೂರು ಬುಷ್‌ಗಳೂ ವಾಪಸ್ ಬಂದವು.

ರಜೆ ಮುಗಿಸಿ ಬಂದ ಅಣ್ಣ ಒಂದನ್ನು ಕೈಗೆತ್ತಿಕೊಂಡು, “ಕೊನೆಯ ಕಟ್‌ಗೆ ಮುಂಚೆ ಚಕ್ ಸಡಿಲಿಸಲಿಲ್ಲವೇ?” ಎಂದರು. ಚಕ್ ಎಂದರೆ ಯಂತ್ರದಲ್ಲಿ ಪೀಸನ್ನು ಬಿಗಿಯಾಗಿ ಹಿಡಿಯುವ ಭಾಗ. ಮೂರು ಜಾ (ದವಡೆ) ಇರುವ ಚಕ್ ತೆಳು ಗೋಡೆಯನ್ನು ಮೂರು ಕಡೆ ಅದುಮಿ ಹಿಡಿಯುತ್ತದೆ. ಹಾಗೆ ಅದುಮಿದಾಗ ಗುಂಡಗೆ ಕೊರೆದ ಬೋರ್, ಹಿಡಿತ ಬಿಟ್ಟ ಕೂಡಲೇ ಮೂರು ಉಬ್ಬಿನ ಆಕಾರಕ್ಕೆ ತಿರುಗುತ್ತದೆ. ಒಂದು ಉಬ್ಬಿನ ನೇರ ಎದುರಿಗೆ ಒಂದು ತಗ್ಗು. ಹಾಗಾಗಿ ಎದುರುಬದುರು ಎರಡೇ ಬಿಂದು ಮುಟ್ಟುವ ಗೇಜ್‌ಗೆ ದೋಷ ಕಾಣುವುದಿಲ್ಲ. ಅಣ್ಣ ಪ್ರತಿ ಸಲವೂ ಫಿನಿಷಿಂಗ್‌ಗೆ ಮುಂಚೆ ಚಕ್‌ನ ಒತ್ತಡ ಇಳಿಸಿ, ಮೆತ್ತಗೆ ಮತ್ತೆ ಹಿಡಿಸುತ್ತಿದ್ದರಂತೆ. “ಇದು ಹೇಳಿಕೊಡಬೇಕಾದ ವಿಷಯ ಎಂದು ನನಗೇ ಅನಿಸಿರಲಿಲ್ಲ ಸಾರ್” ಎಂದು ನೊಂದುಕೊಂಡರು. ನನ್ನ ಮನಸ್ಸಿನಲ್ಲಿ ಆ ಮಾತು ಉಳಿಯಿತು. ವಿದ್ಯೆಯನ್ನು ಅವರು ಬಚ್ಚಿಟ್ಟಿರಲಿಲ್ಲ. ಅದು ಅವರ ಕೈಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಅವರ ಕಣ್ಣಿಗೇ ಬೀಳುತ್ತಿರಲಿಲ್ಲ.

ಮೊದಲು ಒಂದು ರಿಜಿಸ್ಟರ್ ಇಟ್ಟು, ನಿಮಗೆ ಗೊತ್ತಿರುವುದನ್ನು ಬರೆಯಿರಿ ಎಂದೆ. ಎರಡು ತಿಂಗಳಲ್ಲಿ ಆರು ಪುಟ ತುಂಬಿತು. ‘ಎಚ್ಚರಿಕೆಯಿಂದ ಮಾಡಬೇಕು’, ‘ಅಳತೆ ಸರಿಯಾಗಿ ನೋಡಬೇಕು’ ಎಂಬಂಥ ಮಾತುಗಳೇ. ತಪ್ಪು ನನ್ನದು. ಯಂತ್ರದ ಮುಂದೆ ನಿಂತಾಗ ನೆನಪಾಗುವುದು ಮೇಜಿನ ಮುಂದೆ ಕುಳಿತರೆ ನೆನಪಾಗುವುದಿಲ್ಲ.

ಆಮೇಲೆ ಒಂದು ಹಳೆಯ ಪದ್ಧತಿಯನ್ನು ಹಿಡಿದೆ. 1940ರ ದಶಕದಲ್ಲಿ, ಯುದ್ಧಕಾಲದ ಅಮೆರಿಕದಲ್ಲಿ, ಕಾರ್ಖಾನೆಗೆ ಬಂದ ಹೊಸಬರನ್ನು ಬೇಗ ತಯಾರು ಮಾಡಲು ‘ಟ್ರೇನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಕಾರ್ಯಕ್ರಮ ನಡೆಸಿದರು. ಯುದ್ಧ ಮುಗಿದ ಮೇಲೆ ಅದು ಜಪಾನಿನಲ್ಲಿ ಚೆನ್ನಾಗಿ ಬೇರೂರಿತು. ಅದರ ತಿರುಳು ಒಂದು ಹಾಳೆಯಲ್ಲಿ ಹಿಡಿಸುತ್ತದೆ: ಏನು ಮಾಡಬೇಕು, ಎಲ್ಲಿ ಎಚ್ಚರ ಬೇಕು, ಯಾಕೆ. ನಾನು ಮಾಡಿಕೊಂಡ ಬದಲಾವಣೆ ಒಂದೇ. ಹಾಳೆಯನ್ನು ಕಲಿಸುವವರು ಬರೆಯುವುದಿಲ್ಲ, ಕಲಿಯುವವನು ಬರೆಯುತ್ತಾನೆ. ಅಣ್ಣ ಕೆಲಸ ಮಾಡುತ್ತಾರೆ, ಹುಡುಗ ಪಕ್ಕದಲ್ಲಿ ನಿಂತು ‘ಯಾಕೆ?’ ಎಂದು ಕೇಳುತ್ತಾನೆ. ಆ ಮೂರನೆಯ ಕಾಲಂ ತುಂಬಿಸುವಾಗಲೇ ನಿಜವಾದ ಸರಕು ಹೊರಬಂತು. ಈಗಷ್ಟೇ ಕೊರೆದ ಬಿಸಿ ಪೀಸನ್ನು ಕೂಡಲೇ ಅಳೆಯಬಾರದು. ಯಾಕೆ? 100 ಮಿ.ಮೀ. ವ್ಯಾಸದ ಉಕ್ಕು ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಅಲ್ಯೂಮಿನಿಯಂ ಆದರೆ ಅದರ ಎರಡರಷ್ಟು.

ಇಷ್ಟಾದರೂ ಮೂರನೆಯ ವಾರ ಅಣ್ಣ ಹಿಂಜರಿದರು. ಕಾರಣ ಕೇಳಲು ನನಗೆ ಧೈರ್ಯ ಬೇಕಾಯಿತು. ಹೇಳಿಕೊಡುವ ಗಂಟೆಯಲ್ಲಿ ಪೀಸ್ ಕಡಿಮೆಯಾಗಿ ಅವರ ಇನ್ಸೆಂಟಿವ್ ಇಳಿಯುತ್ತಿತ್ತು. ಎಲ್ಲ ಕಲಿಸಿದ ಮೇಲೆ ತನ್ನ ಬೆಲೆ ಎಷ್ಟು ಎಂಬ ಅಳುಕೂ ಇತ್ತು. ಇದು ಸ್ವಾರ್ಥವಲ್ಲ, ಮನೆ ನಡೆಸುವವರ ನ್ಯಾಯವಾದ ಲೆಕ್ಕ. ಮಾಲೀಕರ ಮುಂದೆ ಕುಳಿತು ಎರಡು ಮಾತು ಪಡೆದೆ: ಕಲಿಸುವ ಗಂಟೆಗೆ ಅವರ ಸರಾಸರಿ ಉತ್ಪಾದನೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು; ನಿವೃತ್ತಿಯ ನಂತರವೂ ವಾರಕ್ಕೆ ಎರಡು ದಿನ ತರಬೇತಿಗೆ ಅವರನ್ನೇ ಕರೆಯಬೇಕು. ಎರಡನ್ನೂ ಬರೆಸಿ ಸಹಿ ಹಾಕಿಸಿದೆ. ನನ್ನ ಅನುಭವದಲ್ಲಿ ಬೇರೆ ಯಾವ ಪ್ರೋತ್ಸಾಹವೂ ಈ ಒಂದು ಕಾಗದದಷ್ಟು ಕೆಲಸ ಮಾಡಿಲ್ಲ.

ವಿದ್ಯೆ ಆಚೆಯಿಂದಲೂ ಬಂತು. ಒಡಿಶಾದ ಹುಡುಗನೊಬ್ಬ ಬುಷ್‌ನ ಹಾಳೆ ಬರೆದು ಮುಗಿಸಿ, ಯಂತ್ರದ ಪ್ರೋಗ್ರಾಂನಲ್ಲಿ ಫಿನಿಷಿಂಗ್ ಕಟ್‌ಗೆ ಮುಂಚೆ ಸ್ಪಿಂಡಲ್ (ಪೀಸನ್ನು ತಿರುಗಿಸುವ ಭಾಗ) ನಿಲ್ಲಿಸಿ ‘ಎಂ 00’ ಎಂಬ ಆಜ್ಞೆ ಸೇರಿಸಿದ. ಅಲ್ಲಿಗೆ ಬಂದಾಗ ಪ್ರೋಗ್ರಾಂ ತಾನೇ ನಿಲ್ಲುತ್ತದೆ. ಆಪರೇಟರ್ ಒತ್ತಡ ಇಳಿಸಿ ಬಟನ್ ಒತ್ತಿದ ಮೇಲೆಯೇ ಮುಂದುವರಿಯುತ್ತದೆ. ಅಣ್ಣ ಅವನ ಬೆನ್ನು ತಟ್ಟಿ, ಆ ಸಾಲನ್ನು ತನ್ನ ಪಾಕೆಟ್ ಡೈರಿಯಲ್ಲಿ ಬರೆದುಕೊಂಡರು.

ಈಗ ಇಪ್ಪತ್ತಮೂರು ಹಾಳೆಗಳಾಗಿವೆ. ಪ್ರತಿಯೊಂದು ಯಂತ್ರದ ಪಕ್ಕದಲ್ಲಿ ಆಯಾ ಕೆಲಸದ್ದು, ಫೋಟೊ ಸಮೇತ, ಕೆಳಗೆ ಕಲಿಸಿದವರ ಮತ್ತು ಬರೆದವನ ಹೆಸರು. ಒಂದು ಮಾತ್ರ ಯಾವ ಹಾಳೆಗೂ ಇಳಿದಿಲ್ಲ. ಇನ್ಸರ್ಟ್ (ಕೊರೆಯುವ ಟೂಲ್‌ನ ಬದಲಿಸಬಹುದಾದ ತುದಿ) ಸವೆದಾಗ ಕಟ್‌ನ ಸದ್ದು ಬದಲಾಗುವ ಬಗೆ. ಅದಕ್ಕಾಗಿ ಬುಧವಾರ ಮಧ್ಯಾಹ್ನ ಅಣ್ಣನೂ ಆ ಹುಡುಗನೂ ಮೂರನೇ ಯಂತ್ರದ ಮುಂದೆ ಸುಮ್ಮನೆ ನಿಲ್ಲುತ್ತಾರೆ. ಸದ್ದು ಬದಲಾಯಿತು ಅನಿಸಿದಾಗ ಹುಡುಗ ಕೈ ಎತ್ತಬೇಕು. ಮೊದಮೊದಲು ಅಣ್ಣನಿಗಿಂತ ಹತ್ತು ಪೀಸ್ ತಡವಾಗಿ ಎತ್ತುತ್ತಿದ್ದ. ಹೋದ ವಾರ ಮೂರು ಪೀಸ್ ತಡವಾಯಿತು.