ಮುತ್ತು ಸುಲಭ, ಕೆನ್ನೆ ಕಷ್ಟ

ಹಳೆಯ ಭಾವಚಿತ್ರವನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಲು ಕೂತವರು ಸಾಮಾನ್ಯವಾಗಿ ಕಣ್ಣಿನಿಂದಲೇ ಶುರು ಮಾಡುತ್ತಾರೆ. ರೆಪ್ಪೆಗೂದಲನ್ನು ಒಂದೊಂದಾಗಿ ಎಳೆದು, ಪಾಪೆಗೆ ಹೊಳಪಿಟ್ಟು, ಆಮೇಲೆ ಆ ಕಣ್ಣಿನ ಸುತ್ತ ಮುಖ ಹುಡುಕುತ್ತಾರೆ. ಸಿಗುವುದು ಅಂಗಡಿ ಗೊಂಬೆಯ ಮುಖ. ನಾನೂ ಹೀಗೆಯೇ ಮೂರು ಕ್ಯಾನ್ವಾಸ್ ಹಾಳು ಮಾಡಿದವನು.

ಅಭ್ಯಾಸಕ್ಕೆ ಡಚ್ ಚಿತ್ರಕಾರ ವರ್ಮೀರನ ‘ಮುತ್ತಿನ ಓಲೆಯ ಹುಡುಗಿ’ಯನ್ನೇ ಆರಿಸಿಕೊಳ್ಳಿ. 1665ರ ಸುಮಾರಿನ ಈ ಚಿತ್ರ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. ಅಳತೆ ಬರೀ 44.5 x 39 ಸೆಂ.ಮೀ. ಒಂದೇ ಮುಖ, ಒಂದೇ ಬೆಳಕು, ಹಿಂದೆ ಕತ್ತಲೆ.

ಮೊದಲ ಕೆಲಸ, ಒಳ್ಳೆಯ ಪಟ. ಮ್ಯೂಸಿಯಂ ತಾನೇ ಕೊಡುವ ದೊಡ್ಡ ಗಾತ್ರದ ಚಿತ್ರ ಬಿಟ್ಟು ಬೇರೆ ಯಾವುದನ್ನೂ ನಂಬಬೇಡಿ. ಹುಡುಕಿದಾಗ ಸಿಗುವ ಪಟಗಳಲ್ಲಿ ಅದೇ ಹುಡುಗಿ ಒಂದರಲ್ಲಿ ಕಾಮಾಲೆಯವಳು, ಇನ್ನೊಂದರಲ್ಲಿ ಜ್ವರದವಳು.

ಕ್ಯಾನ್ವಾಸ್ ಸಣ್ಣ ನೇಯ್ಗೆಯದಿರಲಿ. ಜೆಸ್ಸೊ ಎಂಬ ಬಿಳಿ ಅಡಿಲೇಪ ಬಳಿದು, ಉಜ್ಜಿ, ತೆಳುವಾದ ಕಂದು ಬಣ್ಣ ಸವರಿ ಒಣಗಿಸಿ. ಬಿಳಿ ಕ್ಯಾನ್ವಾಸ್ ಮೇಲೆ ನೇರವಾಗಿ ಶುರು ಮಾಡಿದರೆ ಯಾವ ಬಣ್ಣವೂ ತನಗಿಂತ ಕಪ್ಪಾಗಿ ಕಾಣುತ್ತದೆ, ನೀವು ಹೆದರಿ ಎಲ್ಲವನ್ನೂ ಪೇಲವ ಮಾಡುತ್ತೀರಿ. ಅಗ್ಗದ ರಟ್ಟಿನ ಬೋರ್ಡುಗಳಂತೂ ಎಣ್ಣೆಯನ್ನು ಹೀರಿ ಬಣ್ಣವನ್ನು ಸುಣ್ಣದಂತೆ ಒಣಗಿಸುತ್ತವೆ. ಬೇಡ.

ರೇಖಾಚಿತ್ರಕ್ಕೆ ಚೌಕಳಿ ಹಾಕಿ, ಟ್ರೇಸ್ ಮಾಡಿ, ಪ್ರೊಜೆಕ್ಟರ್ ಬಳಸಿ, ನನ್ನ ತಕರಾರಿಲ್ಲ. ಆಮೇಲೆ ಚಿತ್ರವನ್ನೂ ಮೂಲದ ಪಟವನ್ನೂ ತಲೆಕೆಳಗು ಮಾಡಿ ಒಮ್ಮೆ ಹೋಲಿಸಿ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಕೂತು ನಕಲು ಮಾಡುವವರಿಗೆ ಒಂದು ಕಟ್ಟಳೆ ಇದೆ: ನಕಲು ಮೂಲದ ಅಳತೆಯಲ್ಲಿ ಇರಕೂಡದು, ಐದನೇ ಒಂದು ಭಾಗವಾದರೂ ಚಿಕ್ಕದೋ ದೊಡ್ಡದೋ ಆಗಬೇಕು. ಮನೆಯಲ್ಲಿ ಮಾಡುವವರೂ ಇದನ್ನು ಪಾಲಿಸುವುದು ಒಳ್ಳೆಯದು. ಆಗ ಯಾರೂ ಅದನ್ನು ಅಸಲಿ ಎಂದು ಮಾರಲಾರರು.

ಈಗ ಅಡಿಪದರ. ಬಣ್ಣದ ಆಸೆ ಬಿಡಿ. ಕಂದು, ಕಪ್ಪು, ಸ್ವಲ್ಪ ಬಿಳಿ, ಇಷ್ಟರಲ್ಲೇ ಇಡೀ ಮುಖ ಮುಗಿಯಬೇಕು. ಕಣ್ಣು ಅರೆ ಮುಚ್ಚಿ ನೋಡಿ: ಬೆಳಕು, ನೆರಳು, ನಡುವೆ ಒಂದು ಅರೆನೆರಳು. ಅಂಬರ್ ಎಂಬ ಕಂದು ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು ಹೆಚ್ಚಾದರೆ ವಾರಗಟ್ಟಲೆ ಕಾಯಿಸುತ್ತದೆ. ಪೂರ್ತಿ ಒಣಗುವ ತನಕ ಮುಟ್ಟಬೇಡಿ.

ಎಲ್ಲರೂ ಮುಗ್ಗರಿಸುವುದು ಇದರ ಮುಂದಿನ ಹಂತದಲ್ಲಿ, ಕೆನ್ನೆಯಲ್ಲಿ. ‘ಫ್ಲೆಶ್ ಟಿಂಟ್’ ಎಂಬ ಟ್ಯೂಬು ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಇವತ್ತೇ ಬಿಸಾಡಿ. ಚರ್ಮಕ್ಕೆ ಒಂದು ಬಣ್ಣ ಎಂಬುದಿಲ್ಲ. ಪ್ಯಾಲೆಟ್ ಮೇಲೆ ಮೂರು ಗುಡ್ಡೆ ಮಾಡಿ. ಬೆಳಕಿಗೆ: ಬಿಳಿ, ಯೆಲ್ಲೋ ಆಕರ್ ಎಂಬ ಮಣ್ಣಿನ ಹಳದಿ, ಚಾಕುವಿನ ತುದಿಯಷ್ಟು ಕೆಂಪು. ನೆರಳಿಗೆ: ಅದೇ ಆಕರ್ ಜೊತೆ ಬರ್ನ್ಟ್ ಅಂಬರ್, ಬಿಳಿ ಇಲ್ಲವೇ ಇಲ್ಲ ಎನ್ನುವಷ್ಟು. ಮೂರನೆಯದು ಅರೆನೆರಳು, ಅದಕ್ಕೆ ಬೆಳಕಿನ ಗುಡ್ಡೆಗೆ ಒಂಚೂರು ಬೂದು ಸೇರಿಸಿ. ಪ್ಯಾಲೆಟ್ ಮೇಲೆ ಅದು ಸತ್ತ ಮೀನಿನ ಬಣ್ಣದಂತೆ ಕಾಣುತ್ತದೆ. ಬೆಚ್ಚನೆಯ ಕಂದು ಪದರದ ಮೇಲೆ ತೆಳುವಾಗಿ ಎಳೆದು ನೋಡಿ, ತಣ್ಣಗೆ ನೀಲಿ-ಹಸಿರು ಛಾಯೆಗೆ ತಿರುಗುತ್ತದೆ. ಚರ್ಮದ ಕೆಳಗೆ ರಕ್ತ ಹರಿಯುವಂತೆ ಕಾಣಿಸುವುದು ಇದೇ. ಇದನ್ನು ಬಿಟ್ಟು ಬೆಳಕಿನಿಂದ ನೆರಳಿಗೆ ನೇರ ಜಿಗಿದವರ ಹುಡುಗಿ ಬೇಯಿಸಿದ ಗೆಣಸಿನಂತಾಗುತ್ತಾಳೆ.

ತುಣುಕು ತುಣುಕಾಗಿ ಹಚ್ಚಿ, ಅಂಚುಗಳನ್ನು ಒಣ ಮೃದು ಬ್ರಷ್ಷಿನಿಂದ ಒಂದೇ ಸಲ ಸವರಿ ಕೈ ತೆಗೆಯಿರಿ. ಫ್ಯಾನ್ ಬ್ರಷ್ ಹಿಡಿದು ಹತ್ತು ನಿಮಿಷ ಬೀಸುವವರ ಕೆನ್ನೆ ಐಸ್‌ಕ್ರೀಮ್ ಆಗುತ್ತದೆ. ಮೂಗಿನ ದಂಡಕ್ಕೂ ಕೆನ್ನೆಗೂ ನಡುವೆ ವರ್ಮೀರ್ ಗೆರೆಯನ್ನೇ ಎಳೆದಿಲ್ಲ. ಎರಡೂ ಒಂದೇ ಬೆಳಕಿನಲ್ಲಿ ಕರಗಿವೆ. ನಾನು ಮೊದಲ ಸಲ ‘ಮೂಗು ಕಾಣಬೇಕಲ್ಲ’ ಎಂದು ನವಿರಾದ ಗೆರೆ ಎಳೆದೆ, ಹುಡುಗಿಗೆ ಒಮ್ಮೆಲೇ ಹತ್ತು ವರ್ಷ ಹೆಚ್ಚಾಯಿತು. ಹಸಿ ಇದ್ದಾಗಲೇ ಚಾಕುವಿನಿಂದ ಕೆರೆದು ತೆಗೆಯಲು ನಾಚಬೇಡಿ.

ಬಿಳಿಯ ವಿಷಯವೊಂದಿದೆ. ಆ ಕಾಲದವರು ಬಳಸಿದ್ದು ಸೀಸದ ಬಿಳಿ, ಅದು ವಿಷ. ನಮ್ಮ ಟೈಟಾನಿಯಂ ವೈಟ್ ಅದಕ್ಕಿಂತ ತಣ್ಣಗೆ, ಬಲವೂ ಜಾಸ್ತಿ. ಅರ್ಧ ಹಾಕಿ, ಆಕರ್ ಸೇರಿಸಿ.

ತುಟಿ, ಕಣ್ಣು, ತಲೆಯ ನೀಲಿ ಬಟ್ಟೆ ಒಂದು ದಿನದ ಕೆಲಸ. ಬಾಯಿಯ ಮೂಲೆಯ ಆ ಪುಟ್ಟ ಹೊಳಪಿನ ಚುಕ್ಕೆ ಮಾತ್ರ ಮರೆಯಬೇಡಿ. ಮುತ್ತಿಗಂತೂ ಎರಡೇ ಹೊಡೆತ: ಮೇಲೊಂದು ದಪ್ಪ ಬಿಳಿ, ಕೆಳಗೆ ಕಾಲರಿನ ಮಂದ ಪ್ರತಿಫಲನ. ಕಿವಿಗೆ ಸಿಕ್ಕಿಸುವ ಕೊಂಡಿಯೂ ಮೂಲದಲ್ಲಿಲ್ಲ. ದುಂಡಗೆ ತಿದ್ದಿ ತೀಡುತ್ತ ಕೂತರೆ ಮೂಗಿಗಿಂತ ಮೂಗುತಿ ಭಾರ.

ಹಿನ್ನೆಲೆ ಈಗ ಕಪ್ಪು, ಆದರೆ 2018ರಲ್ಲಿ ನಡೆದ ಪರೀಕ್ಷೆಯಿಂದ ಅಲ್ಲಿ ಹಸಿರು ಪರದೆ ಇತ್ತೆಂದು ಗೊತ್ತಾಗಿದೆ. ನಾನು ಇವತ್ತು ಕಾಣುವುದನ್ನೇ ಬಿಡಿಸುತ್ತೇನೆ. ಹಳದಿಗಟ್ಟಿದ ವಾರ್ನಿಷ್ ಮಾತ್ರ ನಕಲು ಮಾಡುವುದಿಲ್ಲ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿರುವ ಮೋನಾಲಿಸಾಳ ಹಳೆಯ ಪ್ರತಿಯನ್ನು ಶುಚಿಗೊಳಿಸಿ 2012ರಲ್ಲಿ ತೋರಿಸಿದಾಗ, ಆಕೆಯ ಹುಬ್ಬು, ಹಿಂದಿನ ಬೆಟ್ಟ ನದಿ ಎಲ್ಲ ನಿಚ್ಚಳವಾಗಿದ್ದವು. ಲೂವ್ರ್‌ನಲ್ಲಿರುವ ಮೂಲ ಮೋನಾಲಿಸಾಳ ಹಳದಿಯನ್ನೇ ಮುಖಕ್ಕೆ ಮೆತ್ತುವವರು ನಕಲು ಮಾಡುತ್ತಿರುವುದು ಲಿಯೊನಾರ್ಡೊನನ್ನಲ್ಲ, ವಾರ್ನಿಷನ್ನು. ಹಳೆಯದಾಗಿ ಕಾಣಲೆಂದು ಬಿರುಕು ಬರಿಸುವ ದ್ರಾವಣವೂ ಅದೇ ಜಾತಿ.

ವಾರ್ನಿಷ್ ಬಳಿಯಲು ಆರು ತಿಂಗಳಾದರೂ ಕಾಯಿರಿ. ದಪ್ಪ ಬಣ್ಣವಿದ್ದ ಕಡೆ ಉಗುರು ಒತ್ತಿದರೆ ಗುರುತು ಬೀಳುವಂತಿದ್ದರೆ ಇನ್ನೂ ಆಗಿಲ್ಲ. ಅಷ್ಟರೊಳಗೆ ಕ್ಯಾನ್ವಾಸಿನ ಹಿಂಬದಿಯಲ್ಲಿ ನಿಮ್ಮ ಹೆಸರು, ವರ್ಷ, ಜೊತೆಗೆ ದಪ್ಪಕ್ಷರದಲ್ಲಿ ‘ನಕಲು’ ಎಂದು ಬರೆದಿಡಿ.