ಬ್ರೋಕರೇಜ್ ಖಾತೆಯಲ್ಲಿ ಸುಮ್ನೆ ಬಿದ್ದಿರುವ ಡಾಲರು: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಇಲ್ಲಿಗೆ ಬಂದ ಹೊಸದರಲ್ಲಿ ಎಲ್ಲರೂ ಕೇಳುವುದು ಯಾವ ಷೇರು ತಗೊಳ್ಳಲಿ ಅಂತ. ಷೇರು ತಗೊಳ್ಳದೆ ಉಳಿದ ದುಡ್ಡು ಏನಾಗ್ತಿದೆ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

2023ರ ಮೇ ತಿಂಗಳಲ್ಲಿ ಮನೆಯ ಡೌನ್‌ಪೇಮೆಂಟಿಗೆ ಅಂತ ಕಂಪನಿ ಕೊಟ್ಟ ಷೇರು ಮಾರಿದೆ. ಬಂದ 24,000 ಡಾಲರ್ ಬ್ರೋಕರೇಜ್ ಖಾತೆಯಲ್ಲೇ ಉಳಿಯಿತು. ಮನೆ ಕುದುರಲಿಲ್ಲ. 14 ತಿಂಗಳಾದ ಮೇಲೆ ಒಂದು ಸಂಜೆ ಸ್ಟೇಟ್‌ಮೆಂಟ್ ತೆರೆದು ನೋಡಿದರೆ, ಬಡ್ಡಿಯ ಸಾಲಿನಲ್ಲಿ ಆ ತಿಂಗಳಿಗೆ 1 ಡಾಲರ್. ಹಿಂದಿನ ತಿಂಗಳೂ 1 ಡಾಲರ್. ಎಲ್ಲ ಕೂಡಿದರೆ 14. ಆಗ ಫೆಡ್ (ಅಮೆರಿಕದ ಕೇಂದ್ರ ಬ್ಯಾಂಕ್) ಬಡ್ಡಿದರ ಶೇ. 5 ದಾಟಿತ್ತು. ಅದೇ ಖಾತೆಯೊಳಗೇ ಮನಿ ಮಾರ್ಕೆಟ್ ಫಂಡಿಗೆ, ಅಂದರೆ ಕಡಿಮೆ ಅವಧಿಯ ಸಾಲ ಕೊಟ್ಟು ಬಂದ ಬಡ್ಡಿ ಹಂಚುವ ಮ್ಯೂಚುವಲ್ ಫಂಡಿಗೆ, ಹಾಕಿದ್ದರೆ ಸುಮಾರು 1,400 ಬರುತ್ತಿತ್ತು. ಕಾಲು ಪರ್ಸೆಂಟ್ ಜಾಸ್ತಿ ಕೊಡ್ತಾರೆ ಅಂತ ಎಫ್‌ಡಿ ಮುರಿಸಿ ಬೇರೆ ಬ್ಯಾಂಕಿಗೆ ಓಡುವ ಮನೆಯಲ್ಲಿ ಬೆಳೆದವನು ನಾನು!

ಆಗಿದ್ದಿಷ್ಟು. ನೀವು ಹೂಡದೆ ಬಿಟ್ಟ ದುಡ್ಡನ್ನು ಬ್ರೋಕರ್ ತಾನಾಗೇ ಒಂದು ಕಡೆ ಗುಡಿಸಿ ಇಡುತ್ತಾನೆ. ಇದಕ್ಕೆ 'ಸ್ವೀಪ್' ಅಂತಲೇ ಹೆಸರು. ಕೆಲವರು ಅದನ್ನು ಬ್ಯಾಂಕಿಗೆ ಕಳಿಸುತ್ತಾರೆ; ಬ್ಯಾಂಕ್ ಅದರಲ್ಲಿ ಚೆನ್ನಾಗಿ ದುಡಿದು ನಿಮಗೆ ಚಿಲ್ಲರೆ ಕೊಡುತ್ತದೆ. ಕೆಲವರು ನೇರವಾಗಿ ಮನಿ ಮಾರ್ಕೆಟ್ ಫಂಡಿಗೇ ಹಾಕುತ್ತಾರೆ. ನಿಮ್ಮದು ಯಾವುದು ಅಂತ ಇವತ್ತೇ ನೋಡಿ. ಖಾತೆಯಲ್ಲಿ 'ಕ್ಯಾಶ್', 'ಕೋರ್ ಪೊಸಿಷನ್' ಅಥವಾ 'ಸೆಟಲ್‌ಮೆಂಟ್ ಫಂಡ್' ಅಂತ ಇರುವಲ್ಲಿ ಒತ್ತಿದರೆ ದರ ಕಾಣುತ್ತದೆ. ಶೇ. 0.05 ತರಹದ್ದೇನಾದರೂ ಕಂಡರೆ ಫಂಡನ್ನು ನೀವೇ ಕೊಳ್ಳಬೇಕು. ಎರಡು ನಿಮಿಷದ ಕೆಲಸ.

ಕೊಳ್ಳುವಾಗ 'ಗವರ್ನಮೆಂಟ್' ಅಥವಾ 'ಟ್ರೆಶರಿ' ಅಂತ ಹೆಸರಿರುವುದನ್ನೇ ಆರಿಸಿ. 'ಪ್ರೈಮ್' ಅನ್ನುವವು ಕಂಪನಿಗಳಿಗೂ ಸಾಲ ಕೊಡುತ್ತವೆ, ಅದಕ್ಕೇ ಚೂರು ಜಾಸ್ತಿ ಬಡ್ಡಿ. ಈ ಫಂಡುಗಳಲ್ಲಿ ಒಂದು ಯೂನಿಟ್ಟಿಗೆ 1 ಡಾಲರ್ ಬೆಲೆ ಉಳಿಸಿಕೊಳ್ಳುವುದೇ ಲೆಕ್ಕ. 2008ರಲ್ಲಿ ಲೀಮನ್ ಬ್ರದರ್ಸ್ ಅನ್ನುವ ದೊಡ್ಡ ಹೂಡಿಕೆ ಬ್ಯಾಂಕ್ ಮುಳುಗಿದಾಗ, ಅದರ ಸಾಲಪತ್ರ ಇಟ್ಟುಕೊಂಡಿದ್ದ ರಿಸರ್ವ್ ಪ್ರೈಮರಿ ಫಂಡಿನ ಬೆಲೆ 97 ಸೆಂಟಿಗೆ ಇಳಿಯಿತು. ಬ್ಯಾಂಕ್ ಮುಳುಗಿದರೆ ದುಡ್ಡು ವಾಪಸ್ ಕೊಡುವ ಎಫ್‌ಡಿಐಸಿ ವಿಮೆ ಇರುವುದು ಬ್ಯಾಂಕಿನ ದುಡ್ಡಿಗೆ, 2,50,000 ಡಾಲರ್ ತನಕ. ಫಂಡಿಗೆ ಅದಿಲ್ಲ. ಬ್ರೋಕರ್ ಮುಳುಗಿದರೆ ಎಸ್‌ಐಪಿಸಿ ಅನ್ನುವ ಹೂಡಿಕೆದಾರರ ರಕ್ಷಣಾ ಸಂಸ್ಥೆ 5,00,000 ತನಕ ನೋಡಿಕೊಳ್ಳುತ್ತದೆ, ಆದರೆ ಬೆಲೆ ಇಳಿದರೆ ಅದು ಕೇಳುವುದಿಲ್ಲ.

ಇನ್ನೊಂದು ದಾರಿ ಟಿ-ಬಿಲ್. ಸರ್ಕಾರಕ್ಕೆ ನೀವು ಕೊಡುವ ಕೈಸಾಲ ಅಂದುಕೊಳ್ಳಿ. 4 ವಾರದಿಂದ 52 ವಾರದವರೆಗೆ ಸಿಗುತ್ತದೆ. ಉದಾಹರಣೆಗೆ 980 ಕೊಟ್ಟು ಕೊಂಡರೆ 26 ವಾರ ಬಿಟ್ಟು 1,000 ವಾಪಸ್. ನಡುವಿನ 20 ನಿಮ್ಮ ಬಡ್ಡಿ. ಅಷ್ಟು ದಿನಕ್ಕೆ ದರ ಬದಲಾಗುವುದಿಲ್ಲ. ಫಂಡಿನ ದರ ಹಾಗಲ್ಲ, ಫೆಡ್ ಇಳಿಸಿದರೆ ಅದರ ಹಿಂದೆಯೇ ಇಳಿಯುತ್ತದೆ. ಸರ್ಕಾರದ ಟ್ರೆಶರಿ ಡೈರೆಕ್ಟ್ ತಾಣದಲ್ಲೂ ಕೊಳ್ಳಬಹುದು, 100 ಡಾಲರಿಗೂ ಸಿಗುತ್ತದೆ. ಆದರೆ ಅವಧಿಗೆ ಮೊದಲೇ ಮಾರಬೇಕು ಅಂದರೆ ಅಲ್ಲಿಂದ ಬ್ರೋಕರ್ ಖಾತೆಗೆ ವರ್ಗಾಯಿಸಬೇಕು. ಆ ರಗಳೆ ಯಾಕೆ, ಬ್ರೋಕರ್ ಮೂಲಕವೇ ಕೊಳ್ಳಿ.

ತೆರಿಗೆಯಲ್ಲಿ ಒಂದು ಒಳಗುಟ್ಟಿದೆ. ಟಿ-ಬಿಲ್ ಬಡ್ಡಿಗೆ ಫೆಡರಲ್ ತೆರಿಗೆ ಉಂಟು, ರಾಜ್ಯದ ತೆರಿಗೆ ಇಲ್ಲ. ಟೆಕ್ಸಾಸ್‌ನಲ್ಲಿರುವವರು ಈ ಪ್ಯಾರಾ ಬಿಟ್ಟುಬಿಡಿ, ನಿಮಗೆ ಆ ತೆರಿಗೆಯೇ ಇಲ್ಲ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಇದು ದೊಡ್ಡ ಉಳಿತಾಯ. ಫಂಡಿನಲ್ಲಿ ಮಾತ್ರ ಹುಷಾರು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಕನೆಕ್ಟಿಕಟ್‌ನಲ್ಲಿ ಪ್ರತಿ ತ್ರೈಮಾಸಿಕದ ಕೊನೆಗೆ ಫಂಡಿನ ಅರ್ಧದಷ್ಟಾದರೂ ಅಮೆರಿಕ ಸರ್ಕಾರದ ಸಾಲಪತ್ರದಲ್ಲಿ ಇರಬೇಕು, ಇಲ್ಲದಿದ್ದರೆ ವಿನಾಯಿತಿ ಸೊನ್ನೆ. ಎಷ್ಟು ಭಾಗಕ್ಕೆ ವಿನಾಯಿತಿ ಅಂತ ಫಂಡಿನವರು ವರ್ಷಕ್ಕೊಮ್ಮೆ ಹೇಳುತ್ತಾರೆ. ಅದನ್ನು ತೆರಿಗೆ ಸಾಫ್ಟ್‌ವೇರಿನಲ್ಲಿ ನೀವೇ ತುಂಬಬೇಕು. ನಾನು ಒಂದು ವರ್ಷ ತುಂಬದೆ ಸುಮ್ನೆ ಕಟ್ಟಿದ್ದೇನೆ.

"ಊರಿನಲ್ಲೇ ಲಿಕ್ವಿಡ್ ಫಂಡಿಗೆ ಹಾಕೋ, ಜಾಸ್ತಿ ಬರುತ್ತೆ" ಅಂತ ಭಾವ ಫೋನ್ ಮಾಡಿದರೆ ನಕ್ಕು ಮಾತು ಬದಲಾಯಿಸಿ. ಇಲ್ಲಿ ತೆರಿಗೆ ಕಟ್ಟುವವರಿಗೆ ಭಾರತದ ಮ್ಯೂಚುವಲ್ ಫಂಡ್ ಅಂದರೆ ಪಿಎಫ್‌ಐಸಿ (ವಿದೇಶಿ ಫಂಡುಗಳಿಗೆ ಇಲ್ಲಿರುವ ಬಿಗಿ ತೆರಿಗೆ ನಿಯಮ), ಅದಕ್ಕೊಂದು ಫಾರ್ಮ್ 8621, ತಲೆನೋವು. ಅನಿವಾಸಿ ಭಾರತೀಯರ ಎನ್‌ಆರ್‌ಇ ಖಾತೆಯ ಎಫ್‌ಡಿ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲ, ಇಲ್ಲಿ ಉಂಟು.

ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಒಂದು ಮಾತು. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಇಲ್ಲವೇ ಊರಿಗೆ ಹೊರಡಲು ಸಿಗುವುದು ಹೆಚ್ಚೆಂದರೆ 60 ದಿನ. ಮನಿ ಮಾರ್ಕೆಟ್ ಫಂಡನ್ನು ಶುಕ್ರವಾರ ಮಾರಿದರೆ ದುಡ್ಡು ಸೋಮವಾರ ಖಾತೆಗೆ, ಸೋಮವಾರ ರಜೆ ಇದ್ದರೆ ಮಂಗಳವಾರ. ಅಲ್ಲಿಂದ ಬ್ಯಾಂಕಿಗೆ ಬರಲು ಇನ್ನೂ ಒಂದೆರಡು ದಿನ. ಅದಕ್ಕೇ ನಮ್ಮ ಮನೆಯಲ್ಲಿ ಎರಡು ತಿಂಗಳ ಬಾಡಿಗೆ, ಬೆಂಗಳೂರಿಗೆ ಎರಡು ಟಿಕೆಟ್ಟಿನ ದುಡ್ಡು ಚೆಕಿಂಗ್ ಖಾತೆಯಲ್ಲೇ ಇರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ. ಬರದಿದ್ದರೆ ಬೇಡ.