ಎಡಿಟ್ ಬಟನ್ ಇಲ್ಲದ ಹಾಲಿನ ಲೆಕ್ಕ: ನನ್ನ ಅನುಭವ

ಒಮ್ಮೆ ಬರೆದ ಎಂಟ್ರಿಯನ್ನು ಯಾರೂ ತಿದ್ದಲಾಗದ ಸಾಫ್ಟ್‌ವೇರ್ ಹಳ್ಳಿಯ ಹಾಲಿನ ಸೊಸೈಟಿಯಲ್ಲಿ ನಡೆಯುವುದಿಲ್ಲ ಎಂದು ಈ ಕೆಲಸ ಬಲ್ಲವರೇ ಹೇಳಿದ್ದರು. ಮಂಡ್ಯ ಜಿಲ್ಲೆಯ ಮೂರು ಸೊಸೈಟಿಗಳಲ್ಲಿ ಅದು ಹದಿನಾಲ್ಕು ತಿಂಗಳಿಂದ ನಡೆಯುತ್ತಿದೆ. ಮೂರೂ ಸೇರಿ ಸುಮಾರು 450 ಜನ ದಿನಕ್ಕೆ ಎರಡು ಹೊತ್ತು ಹಾಲು ಹಾಕುತ್ತಾರೆ. ಯಾವ ಬಟವಾಡೆಯಲ್ಲೂ ಒಂದು ಪೈಸೆ ಆಚೀಚೆ ಆಗಿಲ್ಲ. ತೂಕದ ಯಂತ್ರ, ಜಿಡ್ಡು ನೋಡುವ ಯಂತ್ರ, ಚೀಟಿ ಪ್ರಿಂಟರ್ ಜೋಡಿಸಿ ಅಭ್ಯಾಸವಿರುವವರಿಗಾಗಿ ಬರೆಯುತ್ತಿದ್ದೇನೆ, ಬುಡದಿಂದ ಹೇಳುವುದಿಲ್ಲ.

ಕಾರ್ಯದರ್ಶಿ ಎಡಿಟ್ ಬಟನ್ ಕೇಳುವುದು ಸಹಜ. ಬೆಳಗಿನ ಸಾಲಿನ ಗಡಿಬಿಡಿಯಲ್ಲಿ ಸದಸ್ಯ ಸಂಖ್ಯೆ 43ರ ಬದಲು 34 ಒತ್ತಿಹೋಗುತ್ತದೆ, ಸರಿಮಾಡಲೇಬೇಕು. ನಾವು ಮಾಡಿದ್ದು ಇಷ್ಟು: ತಪ್ಪು ಎಂಟ್ರಿ ಹಾಗೇ ಉಳಿಯುತ್ತದೆ, ಅದರ ಕೆಳಗೆ ಅಷ್ಟೇ ಮೊತ್ತದ ವಜಾ ಎಂಟ್ರಿ, ಅದರ ಕೆಳಗೆ ಸರಿಯಾದ ಎಂಟ್ರಿ. ಕಾರಣವನ್ನು ನಾಲ್ಕರಲ್ಲಿ ಒಂದು ಆರಿಸಬೇಕು. ವಜಾ ಚೀಟಿ ಇಬ್ಬರು ಸದಸ್ಯರಿಗೂ ಪ್ರಿಂಟ್ ಆಗುತ್ತದೆ. ಹಳೆಯ ಗುಮಾಸ್ತರಿಗೆ ಇದು ಹೊಸದಲ್ಲ. ಲೆಡ್ಜರಿನಲ್ಲಿ ಅಳಿಸಿ ಬರೆಯಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು ಎಂಬುದು ಅವರ ಕಾಲದ್ದೇ ನಿಯಮ. ಆ ಶಿಸ್ತನ್ನು ಕಂಪ್ಯೂಟರ್ ಬಂದ ಮೇಲೆ ಬಿಟ್ಟವರು ಪ್ರೋಗ್ರಾಂ ಬರೆಯುವ ನಾವು.

ಮೊದಲು ಎಸ್‌ಕ್ಯೂಲೈಟ್‌ನಲ್ಲಿ (ಲೆಕ್ಕವನ್ನೆಲ್ಲ ಒಂದು ಫೈಲಿನಲ್ಲಿ ಇಡುವ ಡೇಟಾಬೇಸ್) ಟ್ರಿಗರ್, ಅಂದರೆ ತಾನಾಗಿಯೇ ಓಡುವ ನಿಯಮ, ಹಾಕಿ ಅಪ್‌ಡೇಟ್, ಡಿಲೀಟ್ ಎರಡನ್ನೂ ತಡೆದೆವು. ಇದು ಸಾಲದು. ಫೈಲ್ ಕೈಗೆ ಸಿಕ್ಕವನು ಟ್ರಿಗರ್ ಅನ್ನೇ ಕಿತ್ತುಹಾಕಬಲ್ಲ. ಹಾಗಾಗಿ ಪ್ರತಿ ಸಾಲಿನಲ್ಲೂ ಹಿಂದಿನ ಸಾಲಿನ ಶಾ-256 ಹ್ಯಾಶ್ (ಆ ಸಾಲಿನಿಂದಲೇ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಕೇತ) ಸೇರಿಸಿದೆವು. ನಡುವಿನ ಒಂದು ಸಾಲು ತಿದ್ದಿದರೆ ಮುಂದಿನದೆಲ್ಲ ತಾಳೆ ತಪ್ಪುತ್ತದೆ. ಆದರೆ ಕೋಡ್ ಬಲ್ಲವನು ಇಡೀ ಸರಪಳಿಯನ್ನು ಮೊದಲಿನಿಂದ ಹೊಸದಾಗಿ ಕಟ್ಟಬಹುದಲ್ಲ? ಅದಕ್ಕೆ ಮದ್ದು ಕಾಗದ. ಪ್ರತಿ ಸಂಜೆಯ ಕೊನೆಯ ಹ್ಯಾಶ್ ದಿನದ ಮೊತ್ತದ ಹಾಳೆಯಲ್ಲಿ ಅಚ್ಚಾಗುತ್ತದೆ, ಕಾರ್ಯದರ್ಶಿ ಮತ್ತು ಹಾಲು ಪರೀಕ್ಷಕ ಇಬ್ಬರೂ ಸಹಿ ಹಾಕಿ ರಿಜಿಸ್ಟರಿಗೆ ಅಂಟಿಸುತ್ತಾರೆ. ಇಲ್ಲೂ ಒಂದು ಎಡವಟ್ಟಾಯಿತು. ಜಾಗ ಉಳಿಸಲು ಮೊದಲ ಆರು ಅಕ್ಷರ ಮಾತ್ರ ಅಚ್ಚು ಹಾಕಿದ್ದೆವು. ಆರು ಅಕ್ಷರಕ್ಕೆ ಇರುವ ಸಾಧ್ಯತೆ ಸುಮಾರು 1 ಕೋಟಿ 67 ಲಕ್ಷ. ಯಾವುದಾದರೂ ಎಂಟ್ರಿಯಲ್ಲಿ ಏನಾದರೂ ಬದಲಿಸುತ್ತ ಹೋದರೆ ಅದೇ ಆರು ಅಕ್ಷರ ಬರುವಂತೆ ಮಾಡಲು ಸಾಧಾರಣ ಲ್ಯಾಪ್‌ಟಾಪಿಗೆ ಕೆಲವೇ ನಿಮಿಷ ಸಾಕು. ಈಗ ಹದಿನಾರು ಅಕ್ಷರ.

ಇಷ್ಟು ಬಿಗಿ ಏಕೆಂದರೆ, ಇಲ್ಲಿ ಮೊದಲು ಅನುಮಾನಿಸಬೇಕಾದ್ದು ಪ್ರೋಗ್ರಾಮರನ್ನೇ. ಬ್ರಿಟನ್ನಿನ ಪೋಸ್ಟ್ ಆಫೀಸಿನ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರಿನ ಪ್ರಕರಣ ಈ ವೃತ್ತಿಯಲ್ಲಿರುವ ಎಲ್ಲರೂ ಓದಬೇಕಾದದ್ದು. 1999ರಿಂದ 2015ರ ನಡುವೆ ಶಾಖೆ ನಡೆಸುತ್ತಿದ್ದ 900ಕ್ಕೂ ಹೆಚ್ಚು ಜನರಿಗೆ ಕಳವು, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಯಾಯಿತು. ಆಧಾರ, ಆ ಸಾಫ್ಟ್‌ವೇರ್ ತೋರಿಸಿದ ಕೊರತೆ. ಹೊರಗಿನಿಂದ ಶಾಖೆಯ ಲೆಕ್ಕ ಮುಟ್ಟಲು ಬರುವುದಿಲ್ಲ ಎಂದು ವರ್ಷಗಟ್ಟಲೆ ವಾದಿಸಲಾಯಿತು. ಮುಟ್ಟಬಹುದಿತ್ತು ಎಂದು 2019ರಲ್ಲಿ ಅಲ್ಲಿನ ಹೈಕೋರ್ಟ್ ತೀರ್ಪಿತ್ತಿತು. ನಮ್ಮ ಸೊಸೈಟಿ ಕಂಪ್ಯೂಟರುಗಳಲ್ಲಿ ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಸಾಫ್ಟ್‌ವೇರ್ ಸದಾ ತೆರೆದಿರುವುದು ಇದೇ ತರಹದ ಅಪಾಯ. ನಾವು ಮೈಸೂರಿನಲ್ಲಿ ಕೂತು ದುರಸ್ತಿ ಮಾಡಬೇಕಾದರೆ ಈಗ ಕಾರ್ಯದರ್ಶಿ ಸೊಸೈಟಿಯಿಂದ ಒಂದು ಸಂಖ್ಯೆ ಒತ್ತಬೇಕು, ನಾವು ಒಳಬಂದ ಹೊತ್ತು ಮತ್ತು ಹೊರಹೋದ ಹೊತ್ತು ಹಾಲಿನ ಎಂಟ್ರಿಗಳ ಸಾಲಿನಲ್ಲೇ ದಾಖಲಾಗುತ್ತದೆ.

ಇನ್ನು ದಶಾಂಶದ ವಿಷಯ. ಪೈಸೆ, ಮಿಲಿಲೀಟರ್, ಜಿಡ್ಡಿನ ನೂರನೇ ಭಾಗ, ಎಲ್ಲವನ್ನೂ ಪೂರ್ಣಾಂಕದಲ್ಲೇ ಇಡಿ. ಪೈಥಾನ್ ಎಂಬ ಪ್ರೋಗ್ರಾಂ ಭಾಷೆಗೆ 2.675ನ್ನು ಎರಡು ದಶಾಂಶಕ್ಕೆ ತರಲು ಹೇಳಿದರೆ 2.67 ಕೊಡುತ್ತದೆ, ಕಾಗದದಲ್ಲಿ ನಾವು ಬರೆಯುವುದು 2.68. ಆದರೆ ನಿಜವಾಗಿ ದುಡ್ಡು ಸೋರುವುದು ಪೈಸೆಯಲ್ಲಲ್ಲ, ಜಿಡ್ಡಿನಲ್ಲಿ. ಯಂತ್ರ 4.18 ತೋರಿಸುತ್ತದೆ, ದರಪಟ್ಟಿ 4.1, 4.2 ಎಂದು ಏರುತ್ತದೆ. ಪ್ರೋಗ್ರಾಂ ದಶಾಂಶದ ಎರಡನೇ ಅಂಕಿಯನ್ನು ಕತ್ತರಿಸಿದರೆ 4.1ರ ದರ, ಹತ್ತಿರದ ಅಂಕಿಗೆ ತಂದರೆ 4.2ರ ದರ. ಒಂದು ಮೆಟ್ಟಿಲಿಗೆ 25 ಪೈಸೆ ಎಂದಿಟ್ಟುಕೊಳ್ಳಿ. ಎರಡನೇ ಅಂಕಿ ಐದರಿಂದ ಒಂಬತ್ತರ ನಡುವೆ ಬರುವುದು ಸುಮಾರು ಅರ್ಧ ಎಂಟ್ರಿಗಳಲ್ಲಿ, ಅಂದರೆ ಸರಾಸರಿ ಲೀಟರಿಗೆ ಹನ್ನೆರಡೂವರೆ ಪೈಸೆ ವ್ಯತ್ಯಾಸ. ದಿನಕ್ಕೆ ಸಾವಿರ ಲೀಟರಿನ ಸೊಸೈಟಿಯಲ್ಲಿ ತಿಂಗಳಿಗೆ 3,750 ರೂಪಾಯಿ. ಹಾಲು ಹಾಕುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ವ್ಯಾಂಕೂವರ್ ಷೇರುಪೇಟೆಯ ಸೂಚ್ಯಂಕ 1982ರಲ್ಲಿ 1,000ದಿಂದ ಶುರುವಾಗಿ, ಪ್ರತಿ ಲೆಕ್ಕಕ್ಕೂ ಬಾಲ ಕತ್ತರಿಸುತ್ತ ಇಪ್ಪತ್ತೆರಡು ತಿಂಗಳಲ್ಲಿ 520ರ ಆಸುಪಾಸಿಗೆ ಇಳಿದಿತ್ತು. ಸರಿಯಾದ ಅಂಕಿ 1,100ರ ಹತ್ತಿರ. ಕತ್ತರಿಸಬೇಕೋ ಹತ್ತಿರದ ಅಂಕಿಗೆ ತರಬೇಕೋ ಎಂಬುದನ್ನು ಪ್ರೋಗ್ರಾಮರ್ ತೀರ್ಮಾನಿಸಕೂಡದು. ಆಡಳಿತ ಮಂಡಳಿಯಿಂದ ಬರಹದಲ್ಲಿ ತೆಗೆದುಕೊಳ್ಳಿ, ಚೀಟಿಯಲ್ಲಿ ಯಂತ್ರದ ಮೂಲ ಅಂಕಿ ಮತ್ತು ದರಕ್ಕೆ ಹಿಡಿದ ಅಂಕಿ ಎರಡನ್ನೂ ಅಚ್ಚು ಹಾಕಿ. ಒಂದು ಸೊಸೈಟಿಯಲ್ಲಿ ದರಕ್ಕೆ ಹಿಡಿದ ಅಂಕಿಯೂ ಚೀಟಿಯಲ್ಲಿ ಕಂಡ ಮೇಲೆಯೇ ಕತ್ತರಿಸುವ ಹಳೆಯ ಪದ್ಧತಿ ಬದಲಾಯಿತು. ನಾವು ಯಾರ ಹತ್ತಿರವೂ ವಾದಿಸಲಿಲ್ಲ.

ಕಂಪ್ಯೂಟರ್ ವೃತ್ತಿಯವರ ಸಂಘಗಳಾದ ಎಸಿಎಂ ಮತ್ತು ಐಇಇಇ ಕಂಪ್ಯೂಟರ್ ಸೊಸೈಟಿ ಸೇರಿ 1999ರಲ್ಲಿ ಒಪ್ಪಿದ, ಸಾಫ್ಟ್‌ವೇರ್ ಬರೆಯುವವರ ವೃತ್ತಿ ನೀತಿಯಲ್ಲಿ ಎಂಟು ತತ್ವಗಳಿವೆ. ಮೊದಲನೆಯದು ಸಾರ್ವಜನಿಕರ ಹಿತ, ಗ್ರಾಹಕ ಮತ್ತು ಮಾಲೀಕ ಎರಡನೆಯದು. ನಮಗೆ ದುಡ್ಡು ಕೊಡುವುದು ಸೊಸೈಟಿ ಆಫೀಸು. ಆದರೆ ಲೆಕ್ಕ ತಪ್ಪಿದರೆ ನಷ್ಟ ಆಗುವುದು ಕ್ಯಾನು ಹೊತ್ತು ತಂದವರಿಗೆ, ಅವರು ನಮ್ಮ ಸ್ಕ್ರೀನ್ ನೋಡುವವರೇ ಅಲ್ಲ. ಅನುಮಾನ ಬಂದ ಕಡೆಯಲ್ಲೆಲ್ಲ ಇದೊಂದನ್ನೇ ಹಿಡಿದು ತೀರ್ಮಾನ ಮಾಡಿದ್ದೇವೆ.

ಕೆಟ್ಟ ತಿಂಗಳೆಂದರೆ ಎರಡನೆಯದು. ಕರೆಂಟ್ ಹೋಗಿ ಬಂದ ಮೇಲೆ ಚೀಟಿ ರೈತರ ಕೈಯಲ್ಲಿ, ಎಂಟ್ರಿ ಲೆಕ್ಕದಲ್ಲಿಲ್ಲ. ಎಸ್‌ಕ್ಯೂಲೈಟ್‌ನ ವಾಲ್ ಮೋಡಿನಲ್ಲಿ (ಬದಲಾವಣೆಯನ್ನು ಮೊದಲು ಬೇರೆ ಫೈಲಿಗೆ ಬರೆಯುವ ಬಗೆ) ಸಿಂಕ್ರೋನಸ್ ನಾರ್ಮಲ್ (ಪ್ರತಿ ಎಂಟ್ರಿಯೂ ಡಿಸ್ಕಿಗೆ ತಲುಪುವವರೆಗೆ ಕಾಯದ ಆಯ್ಕೆ) ಇಟ್ಟಿದ್ದೆವು, ಅದರಲ್ಲಿ ಫೈಲ್ ಕೆಡುವುದಿಲ್ಲ, ಆದರೆ ಕೊನೆಯ ಕೆಲವು ಎಂಟ್ರಿ ಮಾಯವಾಗಬಹುದು. ಅದನ್ನು ಫುಲ್ (ಕಾಯುವ ಆಯ್ಕೆ) ಮಾಡಿದೆವು, ಕಮಿಟ್ ಆದ ಮೇಲೆಯೇ, ಅಂದರೆ ಎಂಟ್ರಿ ಖಾಯಂ ಆಗಿ ಉಳಿದ ಮೇಲೆಯೇ ಪ್ರಿಂಟ್ ಎಂದು ಕ್ರಮ ಬದಲಿಸಿದೆವು. ಕಂಪ್ಯೂಟರ್, ಪ್ರಿಂಟರ್ ಎರಡಕ್ಕೂ ಸಾಕಾಗುವ ಯುಪಿಎಸ್ ಇಲ್ಲದೆ ಕೆಲಸ ಹಿಡಿಯಬೇಡಿ. ತೂಕದ ಯಂತ್ರದ ಹಳೆಯ ಬಗೆಯ ಆರ್‌ಎಸ್-232 ಸಂಪರ್ಕವನ್ನು ಯುಎಸ್‌ಬಿಗೆ ತರುವ ಅಗ್ಗದ ಕೇಬಲ್ಲುಗಳಲ್ಲಿ ನಕಲಿ ಚಿಪ್ ಇದ್ದರೆ ಡ್ರೈವರ್ ಅಪ್‌ಡೇಟ್ ಆದ ದಿನ ತೂಕ ಬರುವುದೇ ನಿಲ್ಲುತ್ತದೆ. ಒಳ್ಳೆಯದಕ್ಕೆ ಒಂದು ಸಾವಿರದ ಹತ್ತಿರ ಕೊಡಬೇಕು, ಕೊಡಿ. ತೂಕ ಅಲುಗದೆ ನಿಂತಿತೆಂದು ತಿಳಿಯಲು ಯಂತ್ರದ ಐದು ಓದು ಹತ್ತು ಗ್ರಾಮಿನ ವ್ಯತ್ಯಾಸದೊಳಗೆ ಬಂದರೆ ಸಾಕು ಎಂದುಕೊಂಡಿದ್ದೆವು, ಸಾಲದು. ಕ್ಯಾನಿನ ಮೇಲೆ ಕೈ ಊರಿದ್ದರೂ ಐದು ಓದು ಒಂದೇ ಬರುತ್ತದೆ. ಅದನ್ನು ಹೇಗೆ ಬಗೆಹರಿಸಿದೆವು ಎಂಬುದು ಸದ್ಯಕ್ಕೆ ನಮ್ಮಲ್ಲೇ ಇರಲಿ, ಎರಡು ತಿಂಗಳ ದುಡಿಮೆ ಅದು.

ಸದಸ್ಯರ ಪಟ್ಟಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿತ್ತು. ಯೂನಿಕೋಡಿಗೆ ತಂದಾಗ ಅರ್ಕಾವತ್ತು ಇರುವ ಹೆಸರುಗಳೆಲ್ಲ ಕೆಟ್ಟವು, ಒಂದೊಂದನ್ನೂ ಕೈಯಲ್ಲಿ ನೋಡಿ ತಿದ್ದಬೇಕಾಯಿತು. 58 ಮಿಲಿಮೀಟರಿನ ಪ್ರಿಂಟರಿನಲ್ಲಿ ಕನ್ನಡ ಅಕ್ಷರವಿಲ್ಲ, 384 ಚುಕ್ಕಿ ಅಗಲದ ಚಿತ್ರ ಮಾಡಿ ಕಳಿಸಬೇಕು. ಇಡೀ ಚೀಟಿ ಚಿತ್ರವಾದರೆ ನಾಲ್ಕು ಸೆಕೆಂಡು, ಸಾಲು ಗೊಣಗುತ್ತದೆ. ಹೆಸರಿನ ಚಿತ್ರಗಳನ್ನು ಮೊದಲೇ ಮಾಡಿಟ್ಟು, ಅಂಕಿಗಳನ್ನು ಪ್ರಿಂಟರಿನ ಸ್ವಂತ ಅಕ್ಷರದಲ್ಲೇ ಬಿಟ್ಟ ಮೇಲೆ ಒಂದೂವರೆ ಸೆಕೆಂಡಿಗೆ ಇಳಿಯಿತು. ಚೀಟಿ ಬದಲು ಎಸ್‌ಎಂಎಸ್ ಕೂಡ ನೋಡಿದೆವು. ಇಂಗ್ಲಿಷಿನಲ್ಲಿ 160 ಅಕ್ಷರಕ್ಕೆ ಒಂದು ಸಂದೇಶವಾದರೆ ಕನ್ನಡದಲ್ಲಿ 70ಕ್ಕೇ ಒಂದು, ಖರ್ಚು ಎರಡು ಪಟ್ಟು ದಾಟಿತು. ಕೈಬಿಟ್ಟೆವು.

ಮೊದಲ ಸೊಸೈಟಿಯಲ್ಲಿ ಕಾಗದದ ರಿಜಿಸ್ಟರ್ ಮತ್ತು ಸಾಫ್ಟ್‌ವೇರ್ 30 ದಿನ, 60 ಹೊತ್ತು ಜೊತೆಜೊತೆಗೆ ನಡೆದವು. ಪ್ರತಿ ವ್ಯತ್ಯಾಸಕ್ಕೂ ಕಾರಣ ಬರೆದೆವು. ನಲವತ್ತರ ಹತ್ತಿರ ಸಿಕ್ಕವು, ಹೆಚ್ಚಿನವು ಕಾಗದದ ಕೂಡಿಕೆ ತಪ್ಪು, ಒಂಬತ್ತೋ ಹತ್ತೋ ನಮ್ಮವು. ಆ ತಿಂಗಳಿಗೆ ಯಾರೂ ದುಡ್ಡು ಕೊಡುವುದಿಲ್ಲ, ಓಡಾಟ ಸೇರಿ ಹದಿನೈದು ಸಾವಿರ ಕೈಯಿಂದ ಹೋಯಿತು. ಈಗ ಕೊಟೇಶನ್ನಿನಲ್ಲೇ ಅದಕ್ಕೊಂದು ಸಾಲು ಬರೆಯುತ್ತೇವೆ. ಬೇಡ ಎಂದರೆ ಕೆಲಸ ಒಪ್ಪುವುದಿಲ್ಲ, ಹಾಗೆ ಎರಡು ಕೆಲಸ ಬಿಟ್ಟಿದ್ದೇವೆ.

ದರ ಬದಲಾದಾಗ ಹಳೆಯ ಪಟ್ಟಿಯ ಮೇಲೆ ಹೊಸದನ್ನು ಬರೆಯಬೇಡಿ. ತಾರೀಖಿನ ಜೊತೆ ಹೊತ್ತನ್ನೂ ಇಡಿ, ಸಂಜೆಯಿಂದ ಜಾರಿ ಎಂಬ ಸುತ್ತೋಲೆಯೂ ಬರುತ್ತದೆ. ಬೆಳಗಿನ ಹಾಲಿನ ವಜಾ ಎಂಟ್ರಿಯನ್ನು ಸಂಜೆ ಹಾಕಿದರೂ ಅದು ಬೆಳಗಿನ ದರದಲ್ಲೇ ಬೀಳಬೇಕು. ಇದನ್ನು ಪರೀಕ್ಷಿಸದೆ ಯಾವ ಸೊಸೈಟಿಗೂ ಇನ್‌ಸ್ಟಾಲ್ ಮಾಡಬೇಡಿ.